ಮನೆಯಲ್ಲೇ ವಿಟಮಿನ್ ಸಿ ಸೀರಮ್: ಪುಡಿ ಸಾಧು, ನೀರು ತಂಟೆಕೋರ

ನನ್ನ ಮೊದಲ ವಿಟಮಿನ್ ಸಿ ಸೀರಮ್ ಮುಖಕ್ಕಿಂತ ದಿಂಬಿನ ಮೇಲೆ ಜಾಸ್ತಿ ಕೆಲಸ ಮಾಡಿತು. ಸೀರಮ್ ಅಂದರೆ ಮುಖದ ಕಳೆಗೆ, ಕಲೆ ತಿಳಿಯಾಗಲು ಹಚ್ಚುವ ತೆಳು ದ್ರಾವಣ. ರಾತ್ರಿ ಹಚ್ಚಿಕೊಂಡು ಮಲಗುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಬಿಳಿ ಕವರಿನ ಮೇಲೆ ಟೀ ಚೆಲ್ಲಿದ ಹಾಗೆ ಕಲೆ. ಬೆರಳ ತುದಿ ಹಳದಿ, ಉಗುರಿನ ಅಂಚು ಇನ್ನೂ ಹಳದಿ. ಕೆನ್ನೆ ಹೊಳೆಯುವ ಬದಲು ಉರಿಯಿತು.

ಮಾಡಿದ್ದು ಇಷ್ಟೇ. ಅರ್ಧ ಲೋಟ ಕುಡಿಯುವ ನೀರಿಗೆ ಒಂದು ಚಮಚ ವಿಟಮಿನ್ ಸಿ ಪುಡಿ ಹಾಕಿ ಕದಡಿದೆ. ಬಣ್ಣವಿಲ್ಲದ ಗಾಜಿನ ಸೀಸೆಗೆ ತುಂಬಿ ಬಚ್ಚಲುಮನೆಯ ಕಿಟಕಿಯಲ್ಲಿ ಇಟ್ಟೆ. ಆ ನೀರು ತಾಮ್ರದ ಬಿಂದಿಗೆಯದ್ದು. ಇಷ್ಟು ಚಿಕ್ಕ ಕೆಲಸದಲ್ಲಿ ಎಷ್ಟು ತಪ್ಪು ಮಾಡಬಹುದೋ ಅಷ್ಟನ್ನೂ ಮಾಡಿದ್ದೆ ಅಂತ ಆಮೇಲೆ ಗೊತ್ತಾಯಿತು. ಚಮಚದ ಅಳತೆ, ತಾಮ್ರ, ಬೆಳಕು, ಹುಳಿಯ ಲೆಕ್ಕ ನೋಡದೇ ಇದ್ದದ್ದು, ಎಲ್ಲವೂ ತಪ್ಪೇ.

ಈಗ ಸರಿಯಾಗಿ ಮಾಡಿಕೊಳ್ಳುತ್ತೇನೆ. ಸಾಮಾನು ಹೆಚ್ಚೇನೂ ಬೇಕಿಲ್ಲ. ಈ ಪುಡಿ ನೀರಿಗೆ ಬಿದ್ದ ಕ್ಷಣದಿಂದ ಏನಾಗುತ್ತದೆ ಅಂತ ಗೊತ್ತಿದ್ದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಬಾಳೆದಿಂಡು ಮತ್ತು ಮಜ್ಜಿಗೆ ನೀರು

ಬಾಳೆದಿಂಡು ಹೆಚ್ಚುವಾಗ ಪಕ್ಕದಲ್ಲಿ ಮಜ್ಜಿಗೆ ನೀರಿನ ಪಾತ್ರೆ ಇರುತ್ತದೆ, ಅಲ್ವಾ? ಹೆಚ್ಚಿದ ಹೋಳನ್ನು ತಕ್ಷಣ ಅದರೊಳಗೆ ಹಾಕದಿದ್ದರೆ ಕಪ್ಪಾಗುತ್ತದೆ. ಸೇಬಿನ ಹೋಳಿಗೆ ನಿಂಬೆರಸ ಸವರುವುದೂ ಇದಕ್ಕೇ. ಗಾಳಿಯ ಆಮ್ಲಜನಕ ಹೋಳಿನೊಳಗಿನ ವಸ್ತುಗಳ ಜೊತೆ ಸೇರಿ ಅವನ್ನು ಕಂದು ಮಾಡುತ್ತದೆ. ಹುಳಿ ಆ ಕೆಲಸವನ್ನು ನಿಧಾನ ಮಾಡುತ್ತದೆ. ನಿಂಬೆರಸದಲ್ಲಿ ಹುಳಿಯ ಜೊತೆಗೆ ಇನ್ನೊಂದು ವಸ್ತುವೂ ಇದೆ. ಅದು ಆಮ್ಲಜನಕದ ಏಟನ್ನು ತಾನೇ ತಿಂದು ಹೋಳನ್ನು ಉಳಿಸುತ್ತದೆ. ಅದೇ ವಿಟಮಿನ್ ಸಿ.

ಇದನ್ನು ಬೇರ್ಪಡಿಸಿದ ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಕೂಡ ಹೊರಟಿದ್ದು ಇಲ್ಲಿಂದಲೇ. ಕೆಲವು ಗಿಡಗಳು ಕತ್ತರಿಸಿದರೆ ಕಂದಾಗುತ್ತವೆ, ಕೆಲವು ಆಗುವುದಿಲ್ಲ, ಯಾಕೆ ಅನ್ನುವುದು ಅವರ ಪ್ರಶ್ನೆಯಾಗಿತ್ತು. 1928ರಲ್ಲಿ ಆ ವಸ್ತು ಕೈಗೆ ಸಿಕ್ಕಿತು. ಅದೇನು ಅಂತ ಪೂರ್ತಿ ಗೊತ್ತಿರಲಿಲ್ಲ. ಸಕ್ಕರೆಯ ಜಾತಿಯದ್ದಾದ್ದರಿಂದ (ಗ್ಲೂಕೋಸ್ ಥರ ಸಕ್ಕರೆಗಳ ಹೆಸರು ‘ಓಸ್’ ಅಂತ ಮುಗಿಯುತ್ತದೆ) ತಮಾಷೆಗೆ ‘ಗಾಡ್‌ನೋಸ್’ ಅಂತ ಹೆಸರು ಕೊಡಲು ಹೊರಟರು. ಅಂದರೆ ‘ದೇವರಿಗೇ ಗೊತ್ತು’. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಆಮೇಲೆ ಸೆಗೆಡ್ ಊರಿನ ಕೆಂಪು ಪಾಪ್ರಿಕಾ ಮೆಣಸಿನಕಾಯಿಯಿಂದ ಅದನ್ನು ಕಿಲೋಗಟ್ಟಲೆ ತೆಗೆದರು. 1937ರಲ್ಲಿ ನೊಬೆಲ್ ಬಂತು. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗವನ್ನು ತಡೆಯುವುದರಿಂದ ವಸ್ತುವಿಗೆ ಆಸ್ಕಾರ್ಬಿಕ್ ಆಸಿಡ್ ಅನ್ನುವ ಹೆಸರು ನಿಂತಿತು.

ಏಟು ತಿನ್ನುವ ಈ ಗುಣವೇ ಅದರ ಉಪಯೋಗ, ಅದೇ ಅದರ ಸಂಕಟ. ಬಿಸಿಲು ಬಿದ್ದಾಗ ಚರ್ಮದೊಳಗೆ ಹಾನಿ ಮಾಡುವ ಕಣಗಳು ಹುಟ್ಟುತ್ತವೆ. ವಿಟಮಿನ್ ಸಿ ಅಲ್ಲಿದ್ದರೆ ಮೊದಲ ಏಟು ಅದಕ್ಕೆ. ಆದರೆ ಸೀಸೆಯೊಳಗೂ ಅದು ಸುಮ್ನೆ ಕೂರುವುದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕದ ಏಟನ್ನೂ ತಿನ್ನುತ್ತದೆ. ಮೊದಲ ಹಂತದಲ್ಲಿ ಡಿಹೈಡ್ರೋ ಆಸ್ಕಾರ್ಬಿಕ್ ಆಸಿಡ್ ಆಗುತ್ತದೆ. ಅಲ್ಲಿಂದ ವಾಪಸ್ ಬರಬಹುದು. ಅದರ ಮುಂದಿನ ಹಂತಕ್ಕೆ ಹೋಯಿತೆಂದರೆ ವಾಪಸ್ ಬರುವ ದಾರಿ ಇಲ್ಲ. ಒಡೆದು ಒಡೆದು ಕಡೆಗೆ ಹಳದಿ, ಜೇನು ಬಣ್ಣ, ಕಂದು. ಹೀಗೆ ಒಡೆದಾಗ ಬರುವ ಚೂರುಗಳಲ್ಲಿ ಎರಿಥ್ರುಲೋಸ್ ಅನ್ನುವುದೂ ಒಂದು. ಬಿಸಿಲಿಲ್ಲದೆ ಮೈಗೆ ಕಂದು ಬಣ್ಣ ಬರಿಸುವ ಕ್ರೀಮುಗಳಲ್ಲಿ ಇದನ್ನು ಬೇಕೆಂದೇ ಹಾಕುತ್ತಾರೆ. ನನ್ನ ಉಗುರು ಹಳದಿಯಾದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ತಾಮ್ರ ಮತ್ತು ಕಬ್ಬಿಣ ಈ ಒಡೆಯುವಿಕೆಗೆ ಸಾರಥಿಗಳು. ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು. ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ಕುಡಿಯಲು ಯಾರಿಗೆ ಇಷ್ಟವೋ ಅವರು ಕುಡಿಯಲಿ. ಸೀರಮ್ಮಿಗೆ ಅದಕ್ಕಿಂತ ಕೆಟ್ಟ ನೀರು ಹುಡುಕುವುದು ಕಷ್ಟ. ಬೋರ್‌ವೆಲ್ ನೀರಿನ ಕಬ್ಬಿಣವೂ ಹಾಗೇ.

ಒಣಪುಡಿಗೆ ಈ ತೊಂದರೆ ಇಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಬೆಳಕು, ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಬೆಳ್ಳಗೆ ಕೂತಿರುತ್ತದೆ. ನೀರಿಗೆ ಬಿದ್ದ ಮೇಲೆ ಗಡಿಯಾರ ಓಡಲು ಶುರು. ಅಂಗಡಿಯ ಸೀರಮ್ ಕಾರ್ಖಾನೆಯಿಂದ ಗೋದಾಮು, ಗೋದಾಮಿನಿಂದ ಲಾರಿ, ಲಾರಿಯಿಂದ ನಮ್ಮ ಮನೆ ಅಂತ ಬರುವಷ್ಟರಲ್ಲಿ ಆ ಗಡಿಯಾರ ಸಾಕಷ್ಟು ಓಡಿರುತ್ತದೆ. ಅದಕ್ಕೇ ಅವರು ಅದರೊಳಗೆ ಹತ್ತಾರು ಸಹಾಯಕ ವಸ್ತು ಹಾಕುತ್ತಾರೆ. ಮನೆಯಲ್ಲಿ ಮಾಡುವವರಿಗೆ ಇರುವುದು ಒಂದೇ ಅನುಕೂಲ: ತಾಜಾತನ. ಹಿಟ್ಟು ರುಬ್ಬಿದ ಹಾಗೆ ಬೇಕಾದಷ್ಟೇ ಮಾಡಿಕೊಳ್ಳಬಹುದು. ನೂರು ಎಂಎಲ್ ಮಾಡಿ ಮೂರು ತಿಂಗಳು ಇಡುವ ಆಸೆ ಇದ್ದರೆ ಅಂಗಡಿಯದ್ದೇ ವಾಸಿ.

ನಿಂಬೆಹಣ್ಣು ಅಡುಗೆಮನೆಯಲ್ಲೇ ಇರಲಿ

ಪುಡಿ ಯಾಕೆ, ನಿಂಬೆರಸ ಹಚ್ಚಿದರೆ ಆಗುವುದಿಲ್ಲವೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಲೆಕ್ಕ ಹಾಕೋಣ. ನೂರು ಗ್ರಾಂ ನಿಂಬೆರಸದಲ್ಲಿ ವಿಟಮಿನ್ ಸಿ ಸುಮಾರು 50 ಮಿಲಿಗ್ರಾಂ. ನಾವು ಮಾಡುವುದು ಶೇ. 10ರ ಸೀರಮ್, ಹತ್ತು ಗ್ರಾಮಿಗೆ ಒಂದು ಗ್ರಾಂ ವಿಟಮಿನ್. ಆ ಒಂದು ಗ್ರಾಂ ನಿಂಬೆಯಿಂದ ಬರಬೇಕಾದರೆ ಸುಮಾರು ಎರಡು ಕಿಲೋ ರಸ ಬೇಕು. ಅದೇ ನೂರು ಗ್ರಾಂ ರಸದಲ್ಲಿ ಸಿಟ್ರಿಕ್ ಆಸಿಡ್ 5ರಿಂದ 6 ಗ್ರಾಂ, ಅಂದರೆ ವಿಟಮಿನ್ನಿನ ನೂರು ಪಟ್ಟು. ವಿಟಮಿನ್ ಅಂದುಕೊಂಡು ಮುಖಕ್ಕೆ ತಿಕ್ಕುವುದು ಸಿಟ್ರಿಕ್ ಆಸಿಡನ್ನು.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಅನ್ನುವ ವಸ್ತುಗಳಿವೆ. ಅವು ಚರ್ಮದ ಮೇಲೆ ಇರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗುತ್ತದೆ, ಗುಳ್ಳೆ ಏಳಬಹುದು. ಆಮೇಲೆ ಉಳಿಯುವ ಕಪ್ಪು ಗುರುತು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಮದುವೆಗೆ ವಾರವಿರುವಾಗ ನಿಂಬೆ ತಿಕ್ಕಿಕೊಳ್ಳುವ ಸಲಹೆ ಕೊಡುವವರನ್ನು ದೂರ ಇಡಿ.

ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ ನಿಂಬೆಗಿಂತ ಎಷ್ಟೋ ಪಟ್ಟು ಜಾಸ್ತಿ, ನಿಜ. ಆದರೂ ಶೇ. 1 ಕೂಡ ಮುಟ್ಟುವುದಿಲ್ಲ. ತುಳಸಿ ಹಬ್ಬಕ್ಕೆ ತಂದ ನೆಲ್ಲಿಕೊಂಬೆಯ ಕಾಯನ್ನು ಉಪ್ಪು ಹಚ್ಚಿ ತಿನ್ನಿ, ಅದೇ ಸರಿಯಾದ ಬಳಕೆ. ಇನ್ನು ಚೀಪುವ ಕಿತ್ತಳೆ ಬಣ್ಣದ ಮಾತ್ರೆ. ಅದರಲ್ಲಿ ಸಕ್ಕರೆ, ಬಣ್ಣ, ವಾಸನೆ, ಮಾತ್ರೆ ಕಟ್ಟಲು ಬಳಸುವ ಹಿಟ್ಟು ಎಲ್ಲವೂ ಇರುತ್ತದೆ. ಎಷ್ಟೋ ಸಲ ವಿಟಮಿನ್ನಿನ ಒಂದು ಪಾಲು ಸೋಡಿಯಂ ಆಸ್ಕಾರ್ಬೇಟ್ ರೂಪದಲ್ಲಿ ಇರುತ್ತದೆ. ಹೊಟ್ಟೆಗೆ ಅದು ಒಳ್ಳೆಯದೇ. ಚರ್ಮಕ್ಕೆ ಯಾಕೆ ಬೇಡ ಅನ್ನುವುದಕ್ಕೆ ಈಗ ಬರೋಣ.

ಚರ್ಮ ಯಾರನ್ನು ಒಳಗೆ ಬಿಡುತ್ತದೆ

ಚರ್ಮದ ಹೊರಪದರ ಅಂದರೆ ಸತ್ತ ಕೋಶಗಳ ಇಟ್ಟಿಗೆ, ನಡುವೆ ಕೊಬ್ಬಿನ ಗಾರೆ. ವಿದ್ಯುತ್ ಚಾರ್ಜ್ ಹೊತ್ತ ಕಣಗಳಿಗೆ ಆ ಕೊಬ್ಬಿನ ಮೂಲಕ ದಾರಿ ಸಿಗುವುದಿಲ್ಲ. ವಿಟಮಿನ್ ಸಿ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಚಾರ್ಜ್ ಇರುವುದು ಮತ್ತು ಇಲ್ಲದಿರುವುದು. ಯಾವುದು ಎಷ್ಟು ಅನ್ನುವುದನ್ನು ತೀರ್ಮಾನ ಮಾಡುವುದು ನೀರಿನ ಹುಳಿ.

ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ. 7 ಅಂದರೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಪಿಎಚ್ 4.2ರ ಹತ್ತಿರ ವಿಟಮಿನ್ ಸಿ ಅರ್ಧ ಅರ್ಧ ಇರುತ್ತದೆ. 3.5ಕ್ಕೆ ಇಳಿಸಿದರೆ ನೂರರಲ್ಲಿ 80ಕ್ಕೂ ಹೆಚ್ಚು ಕಣಗಳಿಗೆ ಚಾರ್ಜ್ ಇರುವುದಿಲ್ಲ, ಅವು ಒಳಗೆ ಹೋಗಬಲ್ಲವು. 5.5ಕ್ಕೆ ಏರಿಸಿದರೆ ಹಾಗೆ ಉಳಿಯುವುದು ನೂರರಲ್ಲಿ ಐದು. ಸೋಡಿಯಂ ಆಸ್ಕಾರ್ಬೇಟ್ ಅಂದರೆ ಆಗಲೇ ಚಾರ್ಜ್ ಹೊತ್ತು ಕೂತ ರೂಪ. ನೀರಿಗೆ ಹಾಕಿದರೆ ಪಿಎಚ್ ಏಳರ ಮೇಲೆ ಹೋಗುತ್ತದೆ. ಹಚ್ಚಿದರೆ ಮೇಲೇ ಕೂರುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮವೈದ್ಯ ಶೆಲ್ಡನ್ ಪಿನೆಲ್ ಮತ್ತು ಜೊತೆಗಾರರು ಇದನ್ನು ಹಂದಿಯ ಚರ್ಮದ ಮೇಲೆ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರು. ಹಂದಿಯ ಚರ್ಮ ನಮ್ಮ ಚರ್ಮಕ್ಕೆ ಹತ್ತಿರ. ಪಿಎಚ್ 3.5ಕ್ಕಿಂತ ಕೆಳಗಿದ್ದರೆ ಮಾತ್ರ ಚೆನ್ನಾಗಿ ಇಳಿಯುತ್ತದೆ ಅಂತ ಕಂಡಿತು. ಶೇ. 20ರವರೆಗೆ ಪ್ರಮಾಣ ಏರಿಸಿದಂತೆ ಒಳಗೆ ಹೋಗುವುದೂ ಏರಿತು, ಅದರ ಮೇಲೆ ಲಾಭವಿರಲಿಲ್ಲ. ದಿನಕ್ಕೊಮ್ಮೆಯಂತೆ ಮೂರು ದಿನ ಹಚ್ಚಿದರೆ ಚರ್ಮ ತುಂಬಿತು. ಒಳಗೆ ಸೇರಿದ್ದು ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಬೇಕಾಯಿತು. ಈ ಕೊನೆಯ ಮಾತು ನನಗೆ ತುಂಬಾ ಇಷ್ಟ. ಒಂದು ದಿನ ಮರೆತರೆ ಆಕಾಶ ಬೀಳುವುದಿಲ್ಲ ಅಂತ ಅರ್ಥ. ದಿನಕ್ಕೆ ಎರಡು ಸಲ ಹಚ್ಚುವ ಅಗತ್ಯವೂ ಇಲ್ಲ.

ಹಾಗಾದರೆ ಪುಡಿಯನ್ನು ಬರೀ ನೀರಿಗೆ ಹಾಕಿದರೆ ಸಾಕಲ್ಲ, ಅದೇ ಹುಳಿ ಇದೆಯಲ್ಲ? ಅಲ್ಲೇ ನಾನು ಕೆನ್ನೆ ಸುಟ್ಟುಕೊಂಡಿದ್ದು. ಶೇ. 10ರ ಬರೀ ದ್ರಾವಣದ ಪಿಎಚ್ ಸುಮಾರು 2.2, ನಿಂಬೆರಸದ ಆಸುಪಾಸು. ಚರ್ಮದ ಸ್ವಂತ ಪಿಎಚ್ 5ರ ಹತ್ತಿರ. ಎರಡರ ನಡುವೆ ನೂರಾರು ಪಟ್ಟು ವ್ಯತ್ಯಾಸ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಉರಿ ಅನ್ನುವುದು ಅಲ್ಲಿಗೇ ಮುಗಿಯುವ ಮಾತಲ್ಲ. ಸೊಳ್ಳೆ ಕಚ್ಚಿದ ಜಾಗ, ಮೊಡವೆ ಒಡೆದ ಜಾಗ ಕಪ್ಪಾಗಿ ಉಳಿಯುವುದನ್ನು ನೋಡಿದ್ದೀರಲ್ಲ. ಹಾಗೇ ಸೀರಮ್ ಉರಿಸಿದ ಜಾಗವೂ ಕಪ್ಪಾಗಬಹುದು. ಕಲೆ ತೆಗೆಯಲು ಹೋಗಿ ಕಲೆ ಹಾಕಿಕೊಂಡ ಹಾಗೆ.

ಆದ್ದರಿಂದ ಗುರಿ 3ರಿಂದ 3.5ರ ನಡುವಿನ ಸಣ್ಣ ಕಿಂಡಿ. ಮೇಲೆ ಹೋದರೆ ಕೆಲಸ ಮಾಡುವುದಿಲ್ಲ, ಕೆಳಗೆ ಹೋದರೆ ಕಚ್ಚುತ್ತದೆ.

ಒಳಗೆ ಹೋದ ಮೇಲೆ ಏನು ಮಾಡುತ್ತದೆ? ಚರ್ಮವನ್ನು ಬಿಗಿಯಾಗಿ ಹಿಡಿಯುವ ಕೊಲಾಜೆನ್ ಕಟ್ಟುವ ಕಿಣ್ವಗಳಿಗೆ ವಿಟಮಿನ್ ಸಿ ಬೇಕೇ ಬೇಕು. ಸ್ಕರ್ವಿ ಬಂದವರ ಒಸಡಿನಿಂದ ರಕ್ತ ಬರುವುದು, ಹಳೆಯ ಗಾಯ ಬಿಚ್ಚಿಕೊಳ್ಳುವುದು ಕೊಲಾಜೆನ್ ಸರಿಯಾಗಿ ಕಟ್ಟದೇ ಇರುವುದರಿಂದ. ಇನ್ನೊಂದು ಕೆಲಸ ಬಣ್ಣದ್ದು. ಕಪ್ಪು ಬಣ್ಣ ತಯಾರಿಸುವ ಟೈರೋಸಿನೇಸ್ ಅನ್ನುವ ಕಿಣ್ವದ ನಡುವೆ ತಾಮ್ರದ ಕಣಗಳಿವೆ. ವಿಟಮಿನ್ ಸಿ ಆ ತಾಮ್ರದ ಮೇಲೆ ಕೈಹಾಕಿ ಕಿಣ್ವವನ್ನು ನಿಧಾನ ಮಾಡುತ್ತದೆ. ಬಿಂದಿಗೆಯ ತಾಮ್ರ ಸೀರಮ್ಮನ್ನು ಕೆಡಿಸಿತು, ಚರ್ಮದೊಳಗಿನ ತಾಮ್ರದ ಕೆಲಸವನ್ನು ಸೀರಮ್ ಕೆಡಿಸುತ್ತದೆ. ಲೆಕ್ಕ ಚುಕ್ತಾ.

ಇದೆಲ್ಲ ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಬೇಕು. ಮೊಡವೆಯ ಹಳೆ ಕಲೆ ಸ್ವಲ್ಪ ತಿಳಿಯಾಗುತ್ತದೆ, ಮುಖದ ಕಳೆ ಸ್ವಲ್ಪ ಏರುತ್ತದೆ. ಬಂಗು ಇದ್ದರೆ ಇದೊಂದರಿಂದಲೇ ಹೋಗುವುದಿಲ್ಲ, ಚರ್ಮವೈದ್ಯರ ಹತ್ತಿರ ಹೋಗಬೇಕು. ಬೆಳ್ಳಗಾಗುವುದಂತೂ ಇದರ ಕೆಲಸವೇ ಅಲ್ಲ.

ಹತ್ತು ಗ್ರಾಮಿನ ಅಡುಗೆ

ಪುಡಿ ಕೊಳ್ಳುವಾಗ ಚೀಟಿಯ ಮೇಲೆ ‘ಎಲ್-ಆಸ್ಕಾರ್ಬಿಕ್ ಆಸಿಡ್’ ಅಂತಲೇ ಇರಬೇಕು. ಬೇರೇನೂ ಬೆರೆತಿರಬಾರದು. ಆಹಾರಕ್ಕೆ ಅಥವಾ ಸೌಂದರ್ಯ ಸಾಧನಕ್ಕೆ ಬಳಸುವ ದರ್ಜೆಯದ್ದು ಸಾಕು. ಸಣ್ಣ ಹರಳಿನದ್ದು ಬೇಗ ಕರಗುತ್ತದೆ. ಆಹಾರ ದರ್ಜೆಯದ್ದಾದರೆ ನಾಲಿಗೆಗೆ ಒಂದು ಹರಳು ತಾಗಿಸಿ ನೋಡಿ. ಚುರುಕ್ಕನೆ ಹುಳಿ ಇದ್ದರೆ ಸರಿ. ಉಪ್ಪುಪ್ಪಾಗಿದ್ದರೆ ಅದು ಸೋಡಿಯಂ ಆಸ್ಕಾರ್ಬೇಟ್.

ನೀರು ಡಿಸ್ಟಿಲ್ಡ್ ಆಗಿರಬೇಕು. ಮೆಡಿಕಲ್ ಅಂಗಡಿಯಲ್ಲಿ, ಪ್ರಯೋಗಾಲಯದ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಫಿಲ್ಟರ್ ನೀರಿನಲ್ಲಿ ಲವಣಗಳು ಇನ್ನೂ ಉಳಿದಿರುತ್ತವೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಲವಣವಿಲ್ಲದ್ದೇ, ಆದರೆ ಅದನ್ನು ತುಂಬುವವರು ಯಾರ ಮುಖವನ್ನೂ ಮನಸ್ಸಿನಲ್ಲಿಟ್ಟುಕೊಂಡು ತುಂಬಿರುವುದಿಲ್ಲ. ಬೇಡ. ರೋಸ್ ವಾಟರ್ ಕೂಡ ಬೇಡ. ಹೂವಿನ ಅಂಶ, ಸುಗಂಧ, ಸೂಕ್ಷ್ಮಜೀವಿ ಏನೇನಿದೆಯೋ ಅಂತ ಲೆಕ್ಕ ಸಿಗುವುದಿಲ್ಲ.

ಇವುಗಳ ಜೊತೆಗೆ ಗ್ಲಿಸರಿನ್, ಅಡುಗೆ ಸೋಡಾ, ಕಂದು ಗಾಜಿನ 5 ಎಂಎಲ್‌ನ ಎರಡು ಸೀಸೆ, ಒಂದು ಡ್ರಾಪರ್, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ, ಪಿಎಚ್ ಪಟ್ಟಿ. ತಕ್ಕಡಿ ಮತ್ತು ಪಟ್ಟಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅಕ್ಕಸಾಲಿಗರು ಬಳಸುವಂಥ ಜೇಬಿನ ತಕ್ಕಡಿ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪಟ್ಟಿ ಕೊಳ್ಳುವಾಗ 1ರಿಂದ 14ರವರೆಗಿನದ್ದು ಬೇಡ, 2 ಮತ್ತು 3ರ ಬಣ್ಣ ಅದರಲ್ಲಿ ಒಂದೇ ಥರ ಕಾಣುತ್ತದೆ. 2.5ರಿಂದ 4.5ರಂಥ ಚಿಕ್ಕ ವ್ಯಾಪ್ತಿಯದ್ದು ತನ್ನಿ. ಇವೆರಡೂ ಇಲ್ಲದೆ ಮಾಡುವುದಾದರೆ ನನ್ನ ದಿಂಬಿನ ಕಥೆ ಇನ್ನೊಮ್ಮೆ ಓದಿ.

ಸೀಸೆ, ಚಮಚ, ಗಾಜಿನ ಲೋಟ ಎಲ್ಲವನ್ನೂ ಕುದಿಸಿ ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಡ್ರಾಪರನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ತೊಳೆದು ಆರಲು ಬಿಡಿ. ಉಪ್ಪಿನಕಾಯಿ ಜಾಡಿಗೆ ಅಜ್ಜಿ ಎಷ್ಟು ಮಡಿ ಮಾಡುತ್ತಿದ್ದರೋ ಅಷ್ಟು. ಡಿಸ್ಟಿಲ್ಡ್ ನೀರನ್ನೂ ಐದು ನಿಮಿಷ ಕುದಿಸಿ ಮುಚ್ಚಿಟ್ಟು ಆರಿಸಿ. ಸೂಕ್ಷ್ಮಜೀವಿಗಳು ಸಾಯುವುದರ ಜೊತೆಗೆ ನೀರಿನಲ್ಲಿ ಕರಗಿದ ಆಮ್ಲಜನಕವೂ ಬಹುಪಾಲು ಹೊರಹೋಗುತ್ತದೆ.

ಮೊದಲು ಸೋಡಾ ನೀರು ಮಾಡಿಕೊಳ್ಳಿ. 20 ಗ್ರಾಂ ನೀರಿಗೆ 1 ಗ್ರಾಂ ಅಡುಗೆ ಸೋಡಾ. ಹೀಗೆ ಯಾಕೆ ಅಂದರೆ, ನಮಗೆ ಬೇಕಾದ ಸೋಡಾ ಎಷ್ಟು ಕಮ್ಮಿ ಅಂದರೆ ಪುಟ್ಟ ತಕ್ಕಡಿಗೂ ಅದು ಸರಿಯಾಗಿ ತಿಳಿಯುವುದಿಲ್ಲ. ಚಿಟಿಕೆಯ ಲೆಕ್ಕ ಬೋಂಡಾ ಹಿಟ್ಟಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಈಗ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. 7.5 ಗ್ರಾಂ ನೀರು. 0.5 ಗ್ರಾಂ ಗ್ಲಿಸರಿನ್. 1 ಗ್ರಾಂ ಪುಡಿ. ಒಟ್ಟು 9. ನೀರು ಆರಿರಲಿ, ಬಿಸಿ ಇದ್ದರೆ ವಿಟಮಿನ್ ಬೇಗ ಒಡೆಯುತ್ತದೆ. ಹರಳುಗಳು ಮೊದಲು ತಳದಲ್ಲಿ ಸಕ್ಕರೆಯ ಹಾಗೆ ಮಿನುಗುತ್ತಾ ಕೂರುತ್ತವೆ. ನಿಧಾನವಾಗಿ ಕದಡಿ. ನೊರೆ ಬರುವ ಹಾಗೆ ಕಡೆಯಬೇಡಿ, ಅದು ಗಾಳಿ ತುಂಬಿಸಿದ ಹಾಗೆ. ಎರಡು ಮೂರು ನಿಮಿಷದಲ್ಲಿ ತಿಳಿನೀರಾಗುತ್ತದೆ. ಬಣ್ಣ ಇರಬಾರದು.

ಇನ್ನು ಸೋಡಾ ನೀರು ಹನಿಹನಿಯಾಗಿ. ಮೊದಲ ಹನಿ ಬಿದ್ದ ಕಡೆ ಗೋಲಿ ಸೋಡಾದ ಹಾಗೆ ಸಣ್ಣಗೆ ಗುಳ್ಳೆ ಏಳುತ್ತದೆ. ಹುಳಿ ಮತ್ತು ಸೋಡಾ ಸೇರಿ ಇಂಗಾಲದ ಡೈ ಆಕ್ಸೈಡ್ ಹೋಗುತ್ತಿರುವ ಗುರುತು ಅದು. ಹತ್ತು ಹನಿ ಹಾಕಿ, ಕದಡಿ, ಗುಳ್ಳೆ ನಿಲ್ಲಲು ಬಿಡಿ. ಪಟ್ಟಿ ಅದ್ದಿ ನೋಡಿ. 3ಕ್ಕೆ ಸ್ವಲ್ಪ ಕಮ್ಮಿ ತೋರಿಸುತ್ತದೆ. ಅಲ್ಲಿಂದ ಎರಡೆರಡು ಹನಿ. ನನ್ನ ಡ್ರಾಪರಿನಲ್ಲಿ 14ರಿಂದ 16ನೇ ಹನಿಗೆ 3 ದಾಟುತ್ತದೆ. ನಿಮ್ಮ ಡ್ರಾಪರಿನ ಹನಿ ದೊಡ್ಡದಿರಬಹುದು, ಚಿಕ್ಕದಿರಬಹುದು, ಆದ್ದರಿಂದ ನನ್ನ ಲೆಕ್ಕಕ್ಕಿಂತ ಪಟ್ಟಿಯ ಬಣ್ಣವನ್ನು ನಂಬಿ. 3.5 ದಾಟಿತೇ? ಗಾಬರಿ ಬೇಡ, ಒಂದಿಷ್ಟು ಹರಳು ಸೇರಿಸಿದರೆ ಕೆಳಗೆ ಬರುತ್ತದೆ. ಕೊನೆಗೆ ತಕ್ಕಡಿ 10 ತೋರಿಸುವವರೆಗೆ ನೀರು ಸೇರಿಸಿ.

ಎರಡೂ ಸೀಸೆಗೆ ಕಂಠದವರೆಗೆ ತುಂಬಿ ಮುಚ್ಚಿ. ಮೇಲೆ ಖಾಲಿ ಜಾಗ ಇದ್ದಷ್ಟೂ ಗಾಳಿ. ತಾರೀಖು ಬರೆದು ಅಂಟಿಸಿ, ಫ್ರಿಜ್ಜಿನಲ್ಲಿಡಿ. ಒಂದು ಸೀಸೆ ಬಳಕೆಗೆ, ಇನ್ನೊಂದನ್ನು ಮುಟ್ಟಬೇಡಿ.

ಇದರಲ್ಲಿ ಕೆಡದಂತೆ ಕಾಯುವ ವಸ್ತು ಏನೂ ಇಲ್ಲ ಅನ್ನುವುದು ನೆನಪಿರಲಿ. ಪಿಎಚ್ 3 ಇರುವ ಕಡೆ ಬಹಳಷ್ಟು ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನಿಜ. ಬೂಷ್ಟು ಮತ್ತು ಯೀಸ್ಟಿಗೆ ಹುಳಿಯ ಹೆದರಿಕೆ ಅಷ್ಟಿಲ್ಲ. ಹುಳಿ ಉಪ್ಪಿನಕಾಯಿಯ ಮೇಲೂ ಬಿಳಿ ಬೂಷ್ಟು ಬರುವುದಿಲ್ಲವೇ? ಅದಕ್ಕೇ ಫ್ರಿಜ್ಜಿನಲ್ಲಿಟ್ಟರೂ ನಾನು ಹತ್ತು ದಿನಕ್ಕಿಂತ ಹೆಚ್ಚು ಬಳಸುವುದಿಲ್ಲ. ಅದಕ್ಕೆ ಮೊದಲೇ ತಿಳಿ ಹಳದಿಗಿಂತ ಗಾಢವಾದರೆ, ಮಸುಕಾದರೆ, ಏನಾದರೂ ತೇಲಿದರೆ ಸಿಂಕಿಗೆ. ಕಂದು ಬಣ್ಣ ಬಂದದ್ದನ್ನು ‘ಸ್ವಲ್ಪ ಶಕ್ತಿ ಉಳಿದಿರುತ್ತೆ’ ಅಂತ ಹಚ್ಚಿಕೊಳ್ಳಬೇಡಿ. ಮುಖಕ್ಕೆ ದಿನಕ್ಕೆ ಬೇಕಾಗುವುದು ನಾಲ್ಕೈದು ಹನಿ. ಹತ್ತು ದಿನದಲ್ಲಿ ಹತ್ತು ಗ್ರಾಂ ಮುಗಿಯುವುದಿಲ್ಲ. ಕುತ್ತಿಗೆಗೂ ಅಂಗೈ ಹಿಂಭಾಗಕ್ಕೂ ಹಚ್ಚುತ್ತೇನೆ, ಆದರೂ ಉಳಿಯುತ್ತದೆ, ಚೆಲ್ಲುತ್ತೇನೆ. ಹೋಗುವುದು ಕೆಲವೇ ರೂಪಾಯಿಯ ಪುಡಿ.

ಹಚ್ಚುವ ಕ್ರಮ

ಮೊದಲ ಸಲ ಮುಖಕ್ಕೆ ಹಚ್ಚಬೇಡಿ. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ. ಏನೂ ಆಗದಿದ್ದರೆ ಬೆಳಿಗ್ಗೆ ಮುಖ ತೊಳೆದು ಪೂರ್ತಿ ಒರೆಸಿದ ಮೇಲೆ ನಾಲ್ಕು ಹನಿ. ಮೊದಲ ಎರಡು ವಾರ ದಿನ ಬಿಟ್ಟು ದಿನ. ಒಂದು ನಿಮಿಷ ಸಣ್ಣಗೆ ಚುರುಗುಟ್ಟುವುದು ಸಾಮಾನ್ಯ. ಕೆಂಪಾಗಿ ಉರಿಯುತ್ತಲೇ ಇದ್ದರೆ ತೊಳೆದುಬಿಡಿ. ಒಣಗಿದ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಬಿಟ್ಟು ಸೀರಮ್ ಒಂದನ್ನೇ ಹಚ್ಚುವುದು ಮನೆಯ ಬಾಗಿಲು ತೆರೆದಿಟ್ಟು ಕಾವಲುಗಾರನನ್ನು ಕೂರಿಸಿದ ಹಾಗೆ.

ಶೇವಿಂಗ್, ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಆದ ದಿನ ರಜೆ. ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುವವರು ಅದನ್ನು ಇದರ ಜೊತೆಗೇ ಹಚ್ಚಬಾರದು, ವಿಟಮಿನ್ ಸಿಯನ್ನು ಅದು ಅಲ್ಲೇ ಒಡೆಯುತ್ತದೆ. ರೆಟಿನಾಲ್ (ವಿಟಮಿನ್ ಎ) ಕ್ರೀಮ್ ಹಚ್ಚುವವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ಎಗ್ಜಿಮಾ ಅಥವಾ ಸುಲಭವಾಗಿ ಕೆಂಪಾಗುವ ಚರ್ಮ ಇರುವವರು ಈ ಹುಳಿಯ ಗೋಜಿಗೇ ಹೋಗಬೇಡಿ. ಅವರಿಗೆ ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್‌ನಂಥ ಬದಲಿ ರೂಪಗಳ ಸೀರಮ್ ಅಂಗಡಿಯಲ್ಲಿ ಸಿಗುತ್ತದೆ. ಅವಕ್ಕೆ ಹುಳಿ ಬೇಕಿಲ್ಲ, ಉರಿ ಕಮ್ಮಿ. ಅವುಗಳ ಬಗ್ಗೆ ನಡೆದಿರುವ ಪರೀಕ್ಷೆಯೂ ಇದಕ್ಕಿಂತ ಕಮ್ಮಿ.

ಅದನ್ನೂ ಹಾಕಲಾ, ಇದನ್ನೂ ಹಾಕಲಾ

ಒಂದು ಸಲ ಸರಿಯಾಗಿ ಬಂದ ಮೇಲೆ ಕೈ ಸುಮ್ಮನಿರುವುದಿಲ್ಲ. ನನ್ನದೂ ಇರಲಿಲ್ಲ. ಮೊದಲು ಆಸೆಯಾಗುವುದು ವಿಟಮಿನ್ ಇ ಮೇಲೆ. ಅದಕ್ಕೆ ಕಾರಣವೂ ಇದೆ. ಪಿನೆಲ್ ಅವರ ತಂಡವೇ 2005ರಲ್ಲಿ ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಮತ್ತು ಶೇ. 0.5 ಫೆರುಲಿಕ್ ಆಸಿಡ್ (ಗಿಡಗಳಲ್ಲಿ ಸಿಗುವ, ಏಟು ತಿನ್ನುವ ಇನ್ನೊಂದು ವಸ್ತು) ಸೇರಿಸಿ ನೋಡಿತು. ಫೆರುಲಿಕ್ ಸೇರಿದ ಮೇಲೆ ದ್ರಾವಣ ಹೆಚ್ಚು ದಿನ ಬಾಳಿತು, ಬಿಸಿಲಿನಿಂದ ಸಿಗುವ ರಕ್ಷಣೆ ಸುಮಾರು ಎರಡು ಪಟ್ಟಾಯಿತು. ಇವತ್ತಿನ ದುಬಾರಿ ಸೀರಮ್‌ಗಳ ಹಿಂದೆ ಇರುವುದು ಈ ಲೆಕ್ಕ.

ಆದರೆ ಮನೆಯಲ್ಲಿ ಅದು ಅಷ್ಟು ಸುಲಭವಲ್ಲ. ವಿಟಮಿನ್ ಇ ಎಣ್ಣೆ, ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ ತೇಲುತ್ತದೆ. ಬೆರೆಸಲು ಪಾಲಿಸಾರ್ಬೇಟ್‌ನಂಥದ್ದು ಬೇಕು. ಮೆಡಿಕಲ್ ಅಂಗಡಿಯ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಟೊಕೊಫೆರಿಲ್ ಅಸಿಟೇಟ್. ಪರೀಕ್ಷೆಯಲ್ಲಿ ಬಳಸಿದ್ದು ಬರೀ ಟೊಕೊಫೆರಾಲ್. ಅಸಿಟೇಟ್ ರೂಪಕ್ಕೆ ಸೀಸೆಯೊಳಗೆ ಏಟು ತಿನ್ನುವ ಗುಣ ಇಲ್ಲ. ಕ್ಯಾಪ್ಸೂಲ್ ಒತ್ತಿ ಹಾಕಿದರೆ ಸಿಗುವುದು ಜಿಡ್ಡು ಮಾತ್ರ. ಫೆರುಲಿಕ್ ಆಸಿಡ್ ತಣ್ಣನೆಯ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಆಲ್ಕೋಹಾಲ್ ಅಥವಾ ಗ್ಲೈಕಾಲ್‌ನಲ್ಲಿ ಕರಗಿಸಿ ಹಾಕಬೇಕು. ಹತ್ತು ದಿನಕ್ಕೊಮ್ಮೆ ಹೊಸದು ಮಾಡುವವರಿಗೆ ಇಷ್ಟೆಲ್ಲ ಒದ್ದಾಟ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಲೋವೆರಾ ಜೆಲ್ ಹಾಕಿ ನೋಡಿದ್ದೂ ಉಂಟು. ಡಬ್ಬಿಯಲ್ಲಿ ಅಲುಗಾಡದೆ ನಿಂತಿದ್ದ ಜೆಲ್, ಸೀರಮ್ ಬಿದ್ದ ಕೂಡಲೇ ತಿಳಿಸಾರಿನ ಹಾಗೆ ನೀರಾಯಿತು. ಅಂಗಡಿಯ ಜೆಲ್‌ಗಳನ್ನು ಗಟ್ಟಿ ಮಾಡಲು ಹೆಚ್ಚಾಗಿ ಕಾರ್ಬೋಮರ್ ಬಳಸುತ್ತಾರೆ, ಹುಳಿ ತಾಗಿದರೆ ಅದರ ಹಿಡಿತ ಸಡಿಲ. ಹಿತ್ತಲಿನ ಲೋಳೆಸರವೂ ಬೇಡ, ಅದರ ಹಳದಿ ಹಾಲು ಚರ್ಮಕ್ಕೆ ಕೆರೆತ ತರಬಹುದು, ಲೋಳೆ ಬೇಗ ಹಳಸುತ್ತದೆ.

ಇಷ್ಟು ಮಾಡಿದ ಮೇಲೆ ಗೆಳತಿಯರು ‘ನಮಗೂ ಮಾಡಿಕೊಡು, ದುಡ್ಡು ಕೊಡ್ತೀವಿ’ ಅನ್ನುತ್ತಾರೆ. ಇಲ್ಲಿ ನಾನು ಕೈ ಮುಗಿಯುತ್ತೇನೆ. ಸೌಂದರ್ಯ ಸಾಧನ ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ನನ್ನ ಅಡುಗೆಮನೆಗೆ ಅದಿಲ್ಲ. ತಕ್ಕಡಿ, ಪಟ್ಟಿ, ಕುದಿಸಿದ ಸೀಸೆ ಇದೆಲ್ಲ ಬೇಜಾರು ಅನ್ನಿಸುವವರು ಅಂಗಡಿಯದ್ದನ್ನೇ ತೆಗೆದುಕೊಳ್ಳಲಿ. ಬೆಳಕು ತೂರದ ಸೀಸೆ, ಹತ್ತಿರದ ತಯಾರಿಕೆ ತಾರೀಖು, ಚಿಕ್ಕ ಅಳತೆ, ಇಷ್ಟು ನೋಡಿದರೆ ಸಾಕು.

ನೂರು ಗ್ರಾಂ ಪುಡಿ ತಂದರೆ ಒಂದೊಂದೇ ಗ್ರಾಂ ಖರ್ಚಾಗುವುದರಿಂದ ಡಬ್ಬಿ ಮುಗಿಯುವುದೇ ಇಲ್ಲ. ಆಹಾರ ದರ್ಜೆಯದ್ದಾದ್ದರಿಂದ ನಾನು ಒಂದು ಚಿಟಿಕೆಯನ್ನು ನೀರಿಗೆ ಹಾಕಿ ಮಗನ ಡಬ್ಬಿಯ ಸೇಬಿನ ಹೋಳುಗಳನ್ನು ಅದರಲ್ಲಿ ಅದ್ದಿ ತೆಗೆಯುತ್ತೇನೆ. ಮಧ್ಯಾಹ್ನದವರೆಗೂ ಬೆಳ್ಳಗಿರುತ್ತವೆ. ಬೋರ್‌ವೆಲ್ ನೀರಿನಿಂದ ಬಕೆಟ್ಟಿಗೆ ಹಿಡಿದ ತುಕ್ಕಿನ ಕಲೆಗೂ ಸ್ವಲ್ಪ ಪುಡಿ ಕಲಸಿ ಹಚ್ಚಿಟ್ಟು ತಿಕ್ಕಿದರೆ ಬಿಡುತ್ತದೆ, ಕಬ್ಬಿಣದ ತುಕ್ಕನ್ನು ನೀರಿನಲ್ಲಿ ಕರಗುವ ರೂಪಕ್ಕೆ ತರುವುದು ಅದಕ್ಕೆ ಗೊತ್ತು. ದಿಂಬಿನ ಕವರಿಗೂ ಹಾಕಿ ನೋಡಿದೆ. ಆ ಕಲೆ ಹೋಗಲಿಲ್ಲ.